ಅಂಧೇರಿಯ ಶಿಕ್ಷಕಿ ಟಿಇಟಿಗೆ ಏನು ಓದಬೇಕು?

ಅಂಧೇರಿ ಪೂರ್ವದ ಒಂದು ಖೋಲಿಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಹತ್ತು ಗಂಟೆ. ಪಾತ್ರೆ ತೊಳೆದಾಗಿದೆ, ಮಗ ಮಲಗಿದ್ದಾನೆ. ಮಡಚುವ ಮೇಜಿನ ಮೇಲೆ ಮೂರು ಪುಸ್ತಕಗಳಿವೆ. ಊರಿಗೆ ಹೋದಾಗ ತಂದ ಕನ್ನಡದ ಟಿಇಟಿ ಗೈಡ್ ಒಂದು. ದಾದರಿನಲ್ಲಿ ಕೊಂಡ ಮರಾಠಿ ಗೈಡ್ ಇನ್ನೊಂದು. ಮೂರನೆಯದು ಸಹೋದ್ಯೋಗಿಯಿಂದ ಕಡ ಪಡೆದ ಇಂಗ್ಲಿಷ್ ಪುಸ್ತಕ. ಮೇಜಿನ ಮುಂದೆ ಕೂತ ಶಿಕ್ಷಕಿಗೆ ನಲವತ್ತು ದಾಟಿದೆ. ಹದಿನೆಂಟು ವರ್ಷಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾರೆ. ಈಗ ತಾನು ಕಲಿಸಲು ಅರ್ಹಳು ಎಂದು ಪರೀಕ್ಷೆ ಬರೆದು ತೋರಿಸಬೇಕಾಗಿದೆ.

ಈ ಶಿಕ್ಷಕಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಆದರೆ ಮುಂಬೈಯ ಯಾವುದೇ ಕನ್ನಡ ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿಗೆ ಹೋದರೆ ಇವರನ್ನು ಹೋಲುವವರು ಸಿಗುತ್ತಾರೆ. 2025ರ ಸೆಪ್ಟೆಂಬರ್ ನಂತರ ಆ ಕೋಣೆಗಳಲ್ಲಿ ಒಂದು ಹೊಸ ಪ್ರಶ್ನೆ ಓಡಾಡುತ್ತಿದೆ: "ನಿಮಗೆ ರಿಟೈರ್ ಆಗ್ಲಿಕ್ಕೆ ಇನ್ನು ಎಷ್ಟು ವರ್ಷ ಉಂಟು ಟೀಚರ್?" ಐದಕ್ಕಿಂತ ಕಡಿಮೆ ಎಂದರೆ ನಿಟ್ಟುಸಿರು. ಐದಕ್ಕಿಂತ ಹೆಚ್ಚು ಎಂದರೆ ಪುಸ್ತಕದ ಹುಡುಕಾಟ.

ಈ ಐದು ವರ್ಷದ ಗೆರೆಯನ್ನು ಎಳೆದದ್ದು ಸುಪ್ರೀಂ ಕೋರ್ಟ್. 2025ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿ ದೀಪಂಕರ್ ದತ್ತ ಮತ್ತು ನ್ಯಾಯಮೂರ್ತಿ ಮನಮೋಹನ್ ಅವರ ಪೀಠ, ಅಂಜುಮನ್ ಇಶಾತ್-ಎ-ತಾಲೀಮ್ ಟ್ರಸ್ಟ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಂದರಿಂದ ಎಂಟನೆಯ ತರಗತಿವರೆಗೆ ಕಲಿಸುವವರು, ಕೆಲಸಕ್ಕೆ ಸೇರಿ ಎಷ್ಟು ವರ್ಷವಾಗಿದ್ದರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸಮಯವಿದ್ದರೆ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸು ಮಾಡಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಹಾಗೆಯೇ ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಪಾಸಾಗದ ಉಳಿದವರು ಕೆಲಸ ಬಿಡಬೇಕಾಗುತ್ತದೆ.

ಪರೀಕ್ಷೆ ಹೊಸದೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೆಯ ಕಲಮು ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ನೇಮಿಸಿದ ಸಂಸ್ಥೆಗೆ ಕೊಟ್ಟಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಟಿಇಟಿಯನ್ನು ಆ ಅರ್ಹತೆಯ ಭಾಗವಾಗಿಸಿತು. 2011ರ ಫೆಬ್ರವರಿಯಲ್ಲಿ ಅದರ ಮಾರ್ಗಸೂಚಿ ಬಂತು. ಮಹಾರಾಷ್ಟ್ರದಲ್ಲಿ 2013ರಿಂದ ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ಈ ಪರೀಕ್ಷೆ ನಡೆಸುತ್ತಿದೆ. ತೀರ್ಪಿನ ನಂತರದ ಮೊದಲ ಪರೀಕ್ಷೆ 2025ರ ನವೆಂಬರ್ 23ರಂದು ನಡೆಯಿತು. ಹೊಸದಾಗಿ ನೌಕರಿ ಹುಡುಕುವ ಹುಡುಗ ಹುಡುಗಿಯರ ಪಕ್ಕದ ಬೆಂಚಿನಲ್ಲಿ, ಅವರಿಗೇ ಪಾಠ ಹೇಳಿರಬಹುದಾದ ವಯಸ್ಸಿನವರೂ ಈಗ ಕೂರುತ್ತಾರೆ.

ಮುಂಬೈ ಕನ್ನಡಿಗರ ನಡುವೆ ಈ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳುತ್ತವೆ. ಒಂದು, "ನಮ್ಮದು ಅಲ್ಪಸಂಖ್ಯಾತರ ಶಾಲೆ, ನಮಗೆ ಅನ್ವಯಿಸುವುದಿಲ್ಲ." ಇನ್ನೊಂದು, "ಇಷ್ಟು ವರ್ಷ ಪಾಠ ಮಾಡಿದವರಿಗೆ ಇದೆಂಥ ಪರೀಕ್ಷೆ?" ಎರಡರಲ್ಲೂ ಸತ್ಯಾಂಶವಿದೆ. ಆದರೆ ಎರಡನ್ನೂ ನಂಬಿ ಕೂತರೆ ಕನ್ನಡ ಶಾಲೆಗಳಿಗೆ ನಷ್ಟವೇ ಹೆಚ್ಚು.

ಮೊದಲನೆಯದನ್ನು ನೋಡೋಣ. ಸಂವಿಧಾನದ 30ನೆಯ ವಿಧಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮಾತ್ರವಲ್ಲ, ಭಾಷಾ ಅಲ್ಪಸಂಖ್ಯಾತರಿಗೂ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. 2014ರ ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದಿಲ್ಲ ಎಂದಿತು. 2025ರ ಪೀಠ ಆ ತೀರ್ಪು ಸರಿಯೇ ಎಂಬ ಬಗ್ಗೆ ಅನುಮಾನ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅಲ್ಲಿ ನಿರ್ಧಾರವಾಗುವವರೆಗೆ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರ ಶಾಲೆಗಳು ಈ ಆದೇಶದ ಹೊರಗಿವೆ.

ಹಾಗಾಗಿ ಸಂಘ ಸಂಸ್ಥೆಗಳು ನಡೆಸುವ ಕನ್ನಡ ಶಾಲೆಯ ಶಿಕ್ಷಕಿ ಸದ್ಯಕ್ಕೆ ಉಸಿರಾಡಬಹುದು. ಆದರೆ ಈ ನೆರಳು ಎಷ್ಟು ದಿನದ್ದು ಎಂದು ಯಾವ ವಕೀಲರೂ ಹೇಳಲಾರರು. ದೊಡ್ಡ ಪೀಠ ಪ್ರಮತಿ ತೀರ್ಪನ್ನು ಬದಲಿಸಿದರೆ, ಅಷ್ಟು ದಿನ ಕಾದು ಕೂತವರ ಕೈಯಲ್ಲಿ ಪುಸ್ತಕವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಪಾಲಿಕೆಯ ಕನ್ನಡ ಶಾಲೆ ಕನ್ನಡದ ಶಾಲೆಯಾದರೂ ಅಲ್ಪಸಂಖ್ಯಾತ ಸಂಸ್ಥೆಯಲ್ಲ, ಏಕೆಂದರೆ ಅದನ್ನು ಸ್ಥಾಪಿಸಿದ್ದು ಪಾಲಿಕೆ. ಅಲ್ಲಿನ ಶಿಕ್ಷಕರಿಗೆ 30ನೆಯ ವಿಧಿಯ ನೆರಳು ಇಲ್ಲ. ಆ ಶಾಲೆಗೆ ಬರುವವರು ಯಾರ ಮಕ್ಕಳು? ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮನೆಗೆಲಸದವರ ಮಕ್ಕಳು. ವಿನಾಯಿತಿಯನ್ನೇ ನೆಚ್ಚಿಕೊಂಡ ವಾದ ರಕ್ಷಿಸುವುದು ಟ್ರಸ್ಟುಗಳ ಶಾಲೆಯನ್ನು. ಕನ್ನಡ ಶಾಲೆ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಮಕ್ಕಳ ಶಾಲೆ ಆ ವಾದದ ಹೊರಗೇ ಉಳಿಯುತ್ತದೆ.

ಎರಡನೆಯ ಉತ್ತರದಲ್ಲಿರುವ ನೋವು ನಿಜ. ಹದಿನೆಂಟು ವರ್ಷ ಪಾಠ ಮಾಡಿದವರ ಅನುಭವವನ್ನು ನೂರೈವತ್ತು ಆಯ್ಕೆ ಪ್ರಶ್ನೆಗಳಿಂದ ಅಳೆಯಲಾಗದು. ಮೊದಲ ದಿನ ಬಾಗಿಲ ಬಳಿ ಅಳುತ್ತ ನಿಂತ ಮಗುವನ್ನು ಒಳಗೆ ಕರೆತರುವ ವಿದ್ಯೆಗೆ ಯಾವ ಉತ್ತರಪತ್ರಿಕೆಯಲ್ಲೂ ಗುಂಡು ತುಂಬುವ ಜಾಗವಿಲ್ಲ. ಆದರೂ ಆರರ ಮಗು ಏಕೆ ಹಾಗೆ ಯೋಚಿಸುತ್ತದೆ, ಅಕ್ಷರ ತಿರುಗುಮುರುಗಾಗಿ ಬರೆಯುವ ಹುಡುಗನದು ಸೋಮಾರಿತನವೋ ಕಲಿಕೆಯ ತೊಂದರೆಯೋ, ಭಾಗಾಕಾರದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಇವು ಶಿಕ್ಷಕರಿಗೆ ಗೊತ್ತಿರಬೇಕಾದ ವಿಷಯಗಳೇ. ಬಡವರ ಮಕ್ಕಳ ಶಾಲೆಗೆ ಕಡಿಮೆ ಅಳತೆಯ ಶಿಕ್ಷಕರು ಸಾಕು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿನಾಯಿತಿ ಕೇಳುತ್ತ ಹೋದರೆ ಕೇಳುವವರಿಗೆ ಹಾಗೆಯೇ ಕೇಳಿಸುತ್ತದೆ.

ಹಾಗಾದರೆ ತಕರಾರು ಇರುವುದು ಎಲ್ಲಿ? ಪರೀಕ್ಷೆಯಲ್ಲಿ ಅಲ್ಲ, ತಯಾರಿಯಲ್ಲಿ. ಕನ್ನಡದ ಶಿಕ್ಷಕಿಯನ್ನು ಪರೀಕ್ಷಿಸಲು ಮಹಾರಾಷ್ಟ್ರ ಸಿದ್ಧವಾಗಿದೆ. ಆಕೆ ಕನ್ನಡದಲ್ಲಿ ಓದಿ ಸಿದ್ಧವಾಗುವ ವ್ಯವಸ್ಥೆ ಮಾಡುವುದು ತನ್ನ ಕೆಲಸ ಎಂದು ಸರ್ಕಾರವೂ ಅಂದುಕೊಂಡಿಲ್ಲ, ಕನ್ನಡ ಸಂಘಗಳೂ ಅಂದುಕೊಂಡಿಲ್ಲ.

ಪರೀಕ್ಷೆಯ ರಚನೆ ಹೀಗಿದೆ. ಒಂದರಿಂದ ಐದನೆಯ ತರಗತಿಗೆ ಕಲಿಸುವವರಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಮೊದಲ ಪತ್ರಿಕೆಯಲ್ಲಿ ಐದು ವಿಭಾಗಗಳು: ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ, ಮೊದಲ ಭಾಷೆ, ಎರಡನೆಯ ಭಾಷೆ, ಗಣಿತ, ಪರಿಸರ ಅಧ್ಯಯನ. ಪ್ರತಿಯೊಂದಕ್ಕೂ 30 ಪ್ರಶ್ನೆ, 30 ಅಂಕ. ಒಟ್ಟು 150 ಪ್ರಶ್ನೆ, 150 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರು ಪಾಸಾಗಲು 60 ಶೇಕಡಾ, ಅಂದರೆ 90 ಅಂಕ ಬೇಕು. ಮೀಸಲಾತಿ ಇರುವವರಿಗೆ ಸ್ವಲ್ಪ ರಿಯಾಯಿತಿ ಇದೆ. ಮಹಾರಾಷ್ಟ್ರದ ಟಿಇಟಿಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು. ಎರಡನೆಯ ಭಾಷೆ ಮರಾಠಿ ಅಥವಾ ಇಂಗ್ಲಿಷ್.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಈಗ ಮಡಚುವ ಮೇಜಿನ ಮೇಲಿದ್ದ ಮೂರು ಪುಸ್ತಕಗಳಿಗೆ ಬರೋಣ.

ಮೊದಲನೆಯದು ಕರ್ನಾಟಕದ ಗೈಡ್. ಕನ್ನಡದಲ್ಲಿ ಸಿಗುವ ಟಿಇಟಿ ಪುಸ್ತಕಗಳು, ಯೂಟ್ಯೂಬ್ ಪಾಠಗಳು, ಮಾದರಿ ಪ್ರಶ್ನೆಗಳು ಬಹುಪಾಲು ಕರ್ನಾಟಕದ ಪರೀಕ್ಷೆಗಾಗಿ ತಯಾರಾದವು. ಪರಿಸರ ಅಧ್ಯಯನದ ಪುಟ ತೆರೆದರೆ ಕಾವೇರಿ, ತುಂಗಭದ್ರೆ, ಮುಳ್ಳಯ್ಯನಗಿರಿ, ಕರ್ನಾಟಕದ ಏಕೀಕರಣ. ಮಹಾರಾಷ್ಟ್ರದ ಪ್ರಶ್ನೆಪತ್ರಿಕೆ ಇಲ್ಲಿನ ಪಠ್ಯಕ್ರಮವನ್ನು ಹಿಡಿದು ನಡೆಯುತ್ತದೆ: ಗೋದಾವರಿ, ಕಳಸೂಬಾಯಿ, ಸಂಯುಕ್ತ ಮಹಾರಾಷ್ಟ್ರ. ಇಲ್ಲಿ ನಾಲ್ಕನೆಯ ತರಗತಿಯ ಪರಿಸರ ಅಭ್ಯಾಸದ ಎರಡನೆಯ ಭಾಗ ಪೂರ್ತಿಯಾಗಿ ಶಿವಾಜಿ ಮಹಾರಾಜರ ಇತಿಹಾಸ. ಕರ್ನಾಟಕದ ಗೈಡ್‌ನಲ್ಲಿ ಅದನ್ನು ಹುಡುಕಿ ಫಲವಿಲ್ಲ.

"ಹಾಗಾದರೆ ಕರ್ನಾಟಕದ ಟಿಇಟಿಯನ್ನೇ ಬರೆದು ಬಂದರಾಯಿತಲ್ಲ" ಎಂದು ಕೇಳುವವರಿದ್ದಾರೆ. ಅದನ್ನು ನೆಚ್ಚಿಕೊಳ್ಳಲಾಗದು. 2011ರ ಮಾರ್ಗಸೂಚಿಯ ಪ್ರಕಾರ ಇನ್ನೊಂದು ರಾಜ್ಯದ ಪ್ರಮಾಣಪತ್ರವನ್ನು ಪರಿಗಣಿಸಬಹುದು, ಆದರೆ ಪರಿಗಣಿಸಲೇಬೇಕು ಎಂದಿಲ್ಲ. ಕೇಂದ್ರದ ಸಿಟಿಇಟಿಯಲ್ಲಿ ಭಾಷಾ ವಿಭಾಗಕ್ಕೆ ಕನ್ನಡವಿದೆ. ಆದರೆ ಗಣಿತ, ಪರಿಸರ, ಬೋಧನಾಶಾಸ್ತ್ರದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ.

ಎರಡನೆಯದು ಮರಾಠಿ ಗೈಡ್. ಪಠ್ಯಕ್ರಮದ ದೃಷ್ಟಿಯಿಂದ ಸರಿಯಾದ ಪುಸ್ತಕ ಇದೇ. ಮುಂಬೈಯಲ್ಲಿ ಬೆಳೆದ ಕನ್ನಡದ ಶಿಕ್ಷಕಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ತರಕಾರಿ ಕೊಳ್ಳುವಾಗ, ಪಾಲಿಕೆಯ ಕಚೇರಿಯಲ್ಲಿ, ಲೋಕಲ್ ಟ್ರೇನಿನಲ್ಲಿ ಮರಾಠಿಯೇ. ಆದರೆ ಬಳಕೆಯ ಮರಾಠಿ ಬೇರೆ, ಪಾರಿಭಾಷಿಕ ಮರಾಠಿ ಬೇರೆ. ಎರಡೂ ಭಾಷೆಗಳು ಸಂಸ್ಕೃತದ ಒಂದೇ ಕಣಜದಿಂದ ಪದಗಳನ್ನು ತಂದುಕೊಂಡಿವೆ. ತೊಂದರೆ ಬರುವುದೂ ಅಲ್ಲಿಂದಲೇ. ಪೂರ್ತಿ ಅಪರಿಚಿತ ಪದವಾದರೆ ನಿಂತು ಅರ್ಥ ಹುಡುಕುತ್ತೇವೆ. ಪರಿಚಿತ ಮುಖದ ಪದವಾದರೆ ನಿಲ್ಲದೆ ಮುಂದೆ ಹೋಗುತ್ತೇವೆ.

ಕೆಲವು ಉದಾಹರಣೆಗಳು. ಮರಾಠಿಯ 'ಸಂಬೋಧ' ಅಂದರೆ ಪರಿಕಲ್ಪನೆ. ಕನ್ನಡದ ಕಿವಿಗೆ ಅದು ಕರೆಯುವ 'ಸಂಬೋಧನೆ'ಯಂತೆ ಕೇಳುತ್ತದೆ. ಮರಾಠಿಯಲ್ಲಿ 'ಅಧ್ಯಯನ' ಎಂದರೆ ಕಲಿಕೆ, ಮಗು ಮಾಡುವ ಕೆಲಸ. ಕನ್ನಡದಲ್ಲಿ 'ಅಧ್ಯಯನ' ಎಂದೊಡನೆ ನೆನಪಾಗುವುದು ದೊಡ್ಡವರ ವ್ಯಾಸಂಗ, ಸಂಶೋಧನೆ. ಹಾಗಾಗಿ 'ಅಧ್ಯಯನ ಅಕ್ಷಮತಾ' ಎಂಬುದು ಕಲಿಕಾ ನ್ಯೂನತೆ ಎಂದು ಹೊಳೆಯಲು ಒಂದು ಕ್ಷಣ ಹೆಚ್ಚು ಬೇಕು. ವರ್ಷದುದ್ದಕ್ಕೂ ನಡೆಯುವ ಮೌಲ್ಯಮಾಪನವನ್ನು ಕರ್ನಾಟಕದ ಶಿಕ್ಷಕರು 'ರೂಪಣಾತ್ಮಕ' ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಅದು 'ಆಕಾರಿಕ'. ಕನ್ನಡದ ಭಿನ್ನರಾಶಿ ಮರಾಠಿಯಲ್ಲಿ 'ಅಪೂರ್ಣಾಂಕ'. ಎಲ್ಲಕ್ಕಿಂತ ಕಾಡುವ ಜೋಡಿ ಗಣಿತದ್ದು. ನಮ್ಮ ಲ.ಸಾ.ಅ., ಮ.ಸಾ.ಅ. ಅಲ್ಲಿ 'ಲಸಾವಿ', 'ಮಸಾವಿ'. ಕನ್ನಡದ 'ಅ' ಅಪವರ್ತ್ಯದ್ದೂ ಹೌದು, ಅಪವರ್ತನದ್ದೂ ಹೌದು. ಮರಾಠಿಯ 'ವಿ' ವಿಭಾಜ್ಯದ್ದೂ ಹೌದು, ವಿಭಾಜಕದ್ದೂ ಹೌದು.

ಇವು ಸಣ್ಣ ಸಂಗತಿಗಳು ಎನ್ನಿಸಬಹುದು. ಒಂದು ಪ್ರಶ್ನೆಗೆ ಒಂದು ನಿಮಿಷ ಮಾತ್ರ ಇರುವ ಪರೀಕ್ಷೆಯಲ್ಲಿ ಇವು ಸಣ್ಣವಲ್ಲ. ಮರಾಠಿಯಲ್ಲಿ ಓದಿ, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಮತ್ತೆ ಪ್ರಶ್ನೆಯ ಪದಕ್ಕೆ ಹೊಂದಿಸುವವರು ಒಂದೇ ಪಾಠವನ್ನು ಮೂರು ಸಲ ಓದಿದ ಹಾಗೆ. ಮರಾಠಿ ಮಾಧ್ಯಮದ ಶಿಕ್ಷಕಿಗೆ ಈ ಹೊರೆ ಇಲ್ಲ. ಇಬ್ಬರಿಗೂ ಪಾಸಾಗಲು ಬೇಕಾದ ಅಂಕ ಒಂದೇ. ಮೂರನೆಯ ಪುಸ್ತಕ ಇಂಗ್ಲಿಷಿನದು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡದಲ್ಲೇ ಡಿ.ಎಡ್. ಮುಗಿಸಿದವರಿಗೆ ಪಿಯಾಜೆಯೂ ವೈಗೋಟ್‌ಸ್ಕಿಯೂ ಇಂಗ್ಲಿಷಿನಲ್ಲಿ ಇನ್ನಷ್ಟು ದೂರ.

ತಯಾರಿಗೆ ಸರಿಯಾದ ದಾರಿ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದಲ್ಲೇ ಒಂದು ಎಚ್ಚರಿಕೆ ಇದೆ. 2021ರ ಡಿಸೆಂಬರಿನಲ್ಲಿ ಟಿಇಟಿ ಅಕ್ರಮದ ತನಿಖೆ ನಡೆಸಿದ ಪುಣೆಯ ಪೊಲೀಸರು ಪರೀಕ್ಷಾ ಪರಿಷತ್ತಿನ ಆಯುಕ್ತರನ್ನೇ ಬಂಧಿಸಿದರು. ಮರುವರ್ಷ, ಅಕ್ರಮವಾಗಿ ಪಾಸಾಗಿದ್ದಾರೆಂದು ಕಂಡುಬಂದ ಏಳು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಫಲಿತಾಂಶ ರದ್ದಾಯಿತು. ಹಣ ಕೊಟ್ಟವರನ್ನು ಸಮರ್ಥಿಸಬೇಕಿಲ್ಲ. ಆದರೆ ನೌಕರಿ ಹೋಗುವ ಭಯದಲ್ಲಿ, ಯಾವುದನ್ನು ಓದಬೇಕೆಂದೇ ತಿಳಿಯದೆ ಕೂತವರ ಬಾಗಿಲನ್ನು ದಲ್ಲಾಳಿ ಮೊದಲು ತಟ್ಟುತ್ತಾನೆ. ಈಗ ದೇಶದಾದ್ಯಂತ ಅಂಥ ಭಯವಿರುವವರು ಲಕ್ಷಗಟ್ಟಲೆ ಇದ್ದಾರೆ.

ಹಾಗಾದರೆ ಏನು ಮಾಡಬಹುದು?

ಸುಲಭವಾದದ್ದನ್ನು ಮೊದಲು ಹೇಳಬೇಕು, ಏಕೆಂದರೆ ಅದು ಈಗಾಗಲೇ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ 1967ರಲ್ಲಿ ಶುರುವಾಯಿತು. ಅದು ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ. ಅವು ಅಂತರ್ಜಾಲದಲ್ಲಿ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಪತ್ರಿಕೆಯ ಗಣಿತ ಮತ್ತು ಪರಿಸರಕ್ಕೆ ಇದಕ್ಕಿಂತ ಹತ್ತಿರದ ಓದು ಇಲ್ಲ. ಕರ್ನಾಟಕದ ಗೈಡನ್ನು ಬದಿಗಿಟ್ಟು ಮೂರರಿಂದ ಐದನೆಯ ತರಗತಿಯ ಬಾಲಭಾರತಿ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಅಭ್ಯಾಸದ ಲೆಕ್ಕಗಳನ್ನೂ ಬಿಡದೆ ಓದುವುದು ಒಳ್ಳೆಯ ಆರಂಭ. ಶಿಕ್ಷಕಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಈ ಪುಸ್ತಕಗಳನ್ನು ಅವರು ವರ್ಷವರ್ಷವೂ ಮಕ್ಕಳಿಗೆ ಕಲಿಸಿದ್ದಾರೆ.

ಎರಡನೆಯದು ಪದಗಳ ಕೆಲಸ. ಬೋಧನಾಶಾಸ್ತ್ರ, ಗಣಿತ, ವ್ಯಾಕರಣದ ಪಾರಿಭಾಷಿಕ ಪದಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಸಾಲುಗಳಲ್ಲಿ ಕೊಡುವ ಒಂದು ತೆಳು ಪುಸ್ತಿಕೆ ಸಾಕು. ಹೆಚ್ಚೆಂದರೆ ನಾಲ್ಕು ನೂರು ಪದ. ಇದನ್ನು ಮಾಡಬೇಕಾದದ್ದು ಪರೀಕ್ಷಾ ಪರಿಷತ್ತು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ. ಶಿಕ್ಷಕರಿಲ್ಲದ ಸೌಲಭ್ಯವೆಂದರೆ ಬರೀ ಕಟ್ಟಡ. ಆ ಭಾಷೆಯ ಶಿಕ್ಷಕರಿಗೆ ಪರೀಕ್ಷೆ ಕಡ್ಡಾಯ ಮಾಡಿದ ಮೇಲೆ ತಯಾರಿಯ ಸಾಮಗ್ರಿಯೂ ಸೌಲಭ್ಯದ ಭಾಗವಾಗಬೇಕು. ಇದು ವಿನಾಯಿತಿಯ ಬೇಡಿಕೆಯಲ್ಲ. ಹಾಗಾಗಿ ಇದನ್ನು ತಳ್ಳಿಹಾಕುವುದು ಸರ್ಕಾರಕ್ಕೂ ಕಷ್ಟ.

ಪರಿಷತ್ತು ಮಾಡುವವರೆಗೆ ಕಾಯಬೇಕಿಲ್ಲ. ಅಂಧೇರಿಯಿಂದ ದೂರವಲ್ಲದ ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕನ್ನಡ ಮತ್ತು ಮರಾಠಿ ಎರಡನ್ನೂ ಬಲ್ಲ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಅನುವಾದಕರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ನಾಲ್ಕು ನೂರು ಪದಗಳ ಪಟ್ಟಿ ಅವರಿಗೆ ದೊಡ್ಡ ಹೊರೆಯಲ್ಲ.

ಮೂರನೆಯ ಮಾತು ಮುಂಬೈಯ ಆಚೆಗೂ ಹೋಗುತ್ತದೆ. ಮಹಾರಾಷ್ಟ್ರವಲ್ಲದೆ ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣದ ಟಿಇಟಿಗಳಲ್ಲೂ ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಕಾಸರಗೋಡಿನ, ಹೊಸೂರಿನ, ರಾಯದುರ್ಗದ ಶಿಕ್ಷಕಿಯ ಮೇಜಿನ ಮೇಲೂ ಇಂಥದೇ ಹೊಂದಿಕೆಯಾಗದ ಪುಸ್ತಕಗಳಿವೆ. ಈ ಐದೂ ರಾಜ್ಯಗಳ ಪರೀಕ್ಷೆಗೆ ಆಧಾರ ಒಂದೇ ಮಾರ್ಗಸೂಚಿ. ಮೊದಲ ಪತ್ರಿಕೆಯ ಐದು ವಿಭಾಗಗಳಲ್ಲಿ ಬೋಧನಾಶಾಸ್ತ್ರ, ಕನ್ನಡ ಮತ್ತು ಗಣಿತದ ತಿರುಳು ರಾಜ್ಯ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಎರಡನೆಯ ಭಾಷೆ ಮತ್ತು ಪರಿಸರ. ಅಂದರೆ 150ರಲ್ಲಿ 90 ಅಂಕಗಳ ಓದನ್ನು ಹೊರನಾಡಿನ ಎಲ್ಲ ಕನ್ನಡ ಶಿಕ್ಷಕರಿಗೂ ಒಂದೇ ಪುಸ್ತಕದಲ್ಲಿ ಕೊಡಬಹುದು. ಉಳಿದ 60 ಅಂಕಗಳಿಗೆ ರಾಜ್ಯಕ್ಕೊಂದು ಸಣ್ಣ ಅನುಬಂಧ. ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೋ ಕೈಹಾಕಿದರೆ ಒಂದು ವರ್ಷದೊಳಗೆ ಆಗುವ ಕೆಲಸ ಇದು.

ಕರ್ನಾಟಕ ಈ ವಿಷಯದಲ್ಲಿ ದನಿ ಎತ್ತುವುದಿಲ್ಲ ಎಂದೇನಲ್ಲ. 2024ರಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಬೆಂಗಳೂರಿನಿಂದ ಆಕ್ಷೇಪ ಹೋಯಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗಲೆಲ್ಲ ಪ್ರತಿಭಟನೆ ನಡೆಯುತ್ತದೆ. ಅವು ನ್ಯಾಯವಾದ ಪ್ರತಿಭಟನೆಗಳೇ. ಆದರೆ ನಾಳೆ ಒಂದು ರಾಜ್ಯ ಸರ್ಕಾರ "ಟಿಇಟಿ ಪಾಸಾದ ಕನ್ನಡದ ಶಿಕ್ಷಕರೇ ಸಿಗುತ್ತಿಲ್ಲ, ನಾವೇನು ಮಾಡೋಣ?" ಎಂದು ಕೇಳಿದರೆ, ಉತ್ತರವಾಗಿ ತೋರಿಸಲು ಪಾಸಾದವರ ಪಟ್ಟಿ ಬೇಕಾಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಬೇಗ ಆಗಬಹುದಾದದ್ದು, ತರಗತಿ. ಅದನ್ನು ಮುಂಬೈ ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಕೋಟೆ ಪ್ರದೇಶದಲ್ಲಿ ಉಚಿತ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆ ನಡೆಸಿತು. ಅಲ್ಲಿ ಓದಿದವರು ಮುಂದೆ ಬ್ಯಾಂಕ್ ಸೇರಿದರು, ವಕೀಲರಾದರು, ಸ್ವಂತ ಹೋಟೆಲ್ ತೆರೆದರು. ಆ ಹುಡುಗರಿಗೂ ಪರೀಕ್ಷೆ ಸುಲಭ ಮಾಡಿಕೊಡಿ ಎಂದು ಯಾರೂ ಅರ್ಜಿ ಹಾಕಲಿಲ್ಲ. ಎಲ್ಲರಿಗೂ ಇದ್ದ ಮೆಟ್ರಿಕ್ ಪರೀಕ್ಷೆಯನ್ನೇ ಅವರೂ ಬರೆದರು. ಸಮಾಜ ಅವರಿಗೆ ಒದಗಿಸಿದ್ದು ರಾತ್ರಿ ಒಂದು ಕೋಣೆ, ಒಂದು ದೀಪ, ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಮಾಸ್ತರು.

ಇವತ್ತು ಅದೇ ಮೊಗವೀರ ಮಂಡಳಿಯ ದೊಡ್ಡ ಶಿಕ್ಷಣ ಸಂಕುಲ ಅಂಧೇರಿ ಪಶ್ಚಿಮದ ವೀರಾ ದೇಸಾಯಿ ರಸ್ತೆಯಲ್ಲಿದೆ. ವಡಾಲದಲ್ಲಿ, ಚೆಂಬೂರಿನಲ್ಲಿ, ಮಾಟುಂಗದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗಳು, ಸಭಾಗೃಹಗಳು ಇವೆ. ಯಕ್ಷಗಾನ, ನಾಟಕ, ಸನ್ಮಾನ ಸಮಾರಂಭಗಳಿಗೆ ಅವು ತುಂಬುತ್ತವೆ. ತುಂಬಲಿ. ಅವುಗಳಲ್ಲಿ ಒಂದು ಕೋಣೆಯನ್ನು ಶನಿವಾರ ಸಂಜೆ ಮೂರು ಗಂಟೆಗಳ ಕಾಲ ಟಿಇಟಿಗೆಂದು ತೆರೆದಿಟ್ಟರೆ ನಲವತ್ತು ವಾರದಲ್ಲಿ ನೂರಿಪ್ಪತ್ತು ಗಂಟೆಯಾಗುತ್ತದೆ. ಐದು ವಿಭಾಗಕ್ಕೆ ತಲಾ ಇಪ್ಪತ್ತನಾಲ್ಕು ಗಂಟೆ. ಈಗಾಗಲೇ ಪಾಸಾದ ಯುವ ಶಿಕ್ಷಕರು ಹಿರಿಯರಿಗೆ ಹೇಳಿಕೊಡಬಹುದು. ಬೋಧನಾಶಾಸ್ತ್ರದ ಉದಾಹರಣೆಗಳನ್ನು ಹಿರಿಯರೇ ತಮ್ಮ ತರಗತಿಯಿಂದ ಕೊಡಬಹುದು. ಡೊಂಬಿವಲಿ, ಮೀರಾ ರೋಡಿನಿಂದ ಬರಲಾಗದವರಿಗೆ ಅದೇ ಪಾಠ ಮೊಬೈಲಿನಲ್ಲಿ ಸಿಗಬಹುದು. ಜತ್ತದಲ್ಲೋ ಅಕ್ಕಲಕೋಟೆಯಲ್ಲೋ ಕೂತು ಇದೇ ಪರೀಕ್ಷೆಗೆ ಓದುತ್ತಿರುವ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಿಗೂ ಅದು ಉಪಯೋಗ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. "ಮಕ್ಕಳೇ ಇಲ್ಲದ ಶಾಲೆಗೆ ಶಿಕ್ಷಕರನ್ನು ತಯಾರು ಮಾಡಿ ಏನು ಪ್ರಯೋಜನ? ಸಂಘದ ಪದಾಧಿಕಾರಿಗಳ ಮೊಮ್ಮಕ್ಕಳೇ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ." ಮಾತು ಸುಳ್ಳಲ್ಲ. ಮುಂಬೈಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ, ಹಲವು ಮುಚ್ಚಿವೆ. ಟಿಇಟಿ ತರಗತಿ ನಡೆಸಿದ ಮಾತ್ರಕ್ಕೆ ಆ ಇಳಿತ ನಿಲ್ಲುವುದಿಲ್ಲ.

ಆದರೆ ಶಾಲೆ ಮುಚ್ಚುವುದು ಎರಡು ರೀತಿ. ಮಕ್ಕಳು ಬಾರದೆ ಮುಚ್ಚುವುದು ಒಂದು. ಮಕ್ಕಳು ಇದ್ದೂ, ಅರ್ಹ ಶಿಕ್ಷಕರಿಲ್ಲವೆಂದು ಮುಚ್ಚುವುದು ಇನ್ನೊಂದು. ಮೊದಲನೆಯದು ಪಾಲಕರ ಆಯ್ಕೆ. ಎರಡನೆಯದನ್ನು ಹಾಗೆ ಅನ್ನಲಾಗದು. ಯಾದಗಿರಿಯಿಂದ ಬಂದ ಕುಟುಂಬವೊಂದು ತನ್ನ ಮಗಳನ್ನು ಪಾಲಿಕೆಯ ಕನ್ನಡ ಶಾಲೆಗೆ ಸೇರಿಸಿದ್ದರೆ, ಆ ಹುಡುಗಿ ಆ ಶಾಲೆಯಲ್ಲಿರುವ ನಾಲ್ಕೈದು ವರ್ಷ ಅವಳಿಗೆ ಪಾಠ ಹೇಳುವವರು ಇರಬೇಕು. ಶಾಲೆ ಹತ್ತು ವರ್ಷದ ನಂತರ ಇರುತ್ತದೋ ಇಲ್ಲವೋ ಎಂಬ ಚರ್ಚೆಗೂ ಅವಳ ಮೂರನೆಯ ತರಗತಿಗೂ ಸಂಬಂಧವಿಲ್ಲ. ಟಿಇಟಿ ಪಾಸಾದ ಶಿಕ್ಷಕಿಗೂ ಇದರಿಂದ ನಷ್ಟವಿಲ್ಲ. ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಜೀವನಪರ್ಯಂತಕ್ಕೆ ವಿಸ್ತರಿಸಲಾಯಿತು. ಒಂದು ಸಲ ಪಾಸಾದರೆ, ಶಾಲೆ ಬದಲಾದರೂ ಅರ್ಹತೆ ಅವರ ಬಳಿಯೇ ಉಳಿಯುತ್ತದೆ.

ತೀರ್ಪು ಕೊಟ್ಟ ಎರಡು ವರ್ಷ 2027ರ ಆಗಸ್ಟಿಗೆ ಮುಗಿಯುತ್ತದೆ. ಅಷ್ಟರೊಳಗೆ ಪರೀಕ್ಷೆ ಎಷ್ಟು ಸಲ ನಡೆಯುತ್ತದೆ ಎಂಬುದು ಪರಿಷತ್ತಿನ ಕೈಯಲ್ಲಿದೆ. ಶಿಕ್ಷಕ ಸಂಘಟನೆಗಳು ಹೋರಾಡುತ್ತಿವೆ, ನ್ಯಾಯಾಲಯದಲ್ಲಿ ಮುಂದೇನಾದರೂ ಬದಲಾಗಲೂಬಹುದು. ಬದಲಾದರೆ ಒಳ್ಳೆಯದೇ. ಶನಿವಾರದ ತರಗತಿ ಅದಕ್ಕಾಗಿ ಕಾಯಬೇಕಾಗಿಲ್ಲ.

ಅಂಧೇರಿಯ ಆ ಖೋಲಿಯಲ್ಲಿ ಈಗ ಗಂಟೆ ಹನ್ನೊಂದು ದಾಟಿದೆ. ಶಿಕ್ಷಕಿ ಮರಾಠಿ ಗೈಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಪದಗಳನ್ನು ಬರೆಯುತ್ತಿದ್ದಾರೆ: ಆಕಾರಿಕ, ರೂಪಣಾತ್ಮಕ. ಸಂಬೋಧ, ಪರಿಕಲ್ಪನೆ. ಲಸಾವಿ, ಲ.ಸಾ.ಅ. ನಾವು ಕೇಳುತ್ತಿರುವ ಪುಸ್ತಿಕೆಯನ್ನು ಅವರು ಒಬ್ಬರೇ ಕೂತು, ತಮ್ಮೊಬ್ಬರಿಗಾಗಿ ಬರೆದುಕೊಳ್ಳುತ್ತಿದ್ದಾರೆ. ಇದೇ ಹೊತ್ತಿಗೆ ಚೆಂಬೂರಿನಲ್ಲಿ, ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ ಇನ್ನೊಬ್ಬರು ಅದೇ ಪದಗಳನ್ನು ಮತ್ತೆ ಮೊದಲಿನಿಂದ ಬರೆಯುತ್ತಿರಬಹುದು. ಅವರೆಲ್ಲರ ಪೆನ್ಸಿಲ್ ಟಿಪ್ಪಣಿಗಳನ್ನು ಒಂದು ಕಡೆ ತರುವುದರಿಂದಲೇ ಕೆಲಸ ಶುರುಮಾಡಬಹುದು.